ಕೈಯಲ್ಲೇ ಉಳಿದ ಎಂಟನೆಯ ಬಟ್ಟಲು

ನಿವೃತ್ತನಾಗಿ ಕುಕನೂರಿನ ಮನೆಗೆ ಬಂದು ಕೂತ ಮೇಲೆ ನನ್ನನ್ನು ನೋಡಲು ಬರುವವರು ಕೇಳುವುದು ಎರಡೇ ಪ್ರಶ್ನೆ. ಆ ದೊಡ್ಡ ರೆಸಾರ್ಟಿಗೆ ಯಾವ ಯಾವ ಸಿನಿಮಾದವರು ಬಂದಿದ್ದರು ಎಂಬುದು ಒಂದು. ಹಸಿ ಮೀನು ತಿನ್ನುವವರಿಗೆ ಹೊಟ್ಟೆ ತೊಳೆಸುವುದಿಲ್ಲವೇ ಎಂಬುದು ಇನ್ನೊಂದು. ಮೊದಲನೆಯದನ್ನು ಯಾರಿಗೂ ಹೇಳಬಾರದೆಂದು ಕೆಲಸಕ್ಕೆ ಸೇರುವಾಗಲೇ ಮಾತು ಕೊಟ್ಟಿದ್ದೇನೆ. ಎರಡನೆಯದಕ್ಕೆ ಉತ್ತರ, ಇಲ್ಲ, ತೊಳೆಸುವುದಿಲ್ಲ. ನಮ್ಮ ಓಣಿಯ ಇಬ್ಬರು ಹುಡುಗರು ಈ ವರ್ಷ ಹೋಟೆಲ್ ಲೈನಿಗೆ ಸೇರಿದ್ದಾರೆ. ಅವರು ಮಾತ್ರ ಬೇರೆ ಕೇಳಿದರು. "ಕಾಕಾ, ನಿಂತೂ ನಿಂತೂ ಕಾಲು ಭಾಳ ನೋಯ್ತಾವು. ಏನ್ ಮಾಡಬೇಕ್ರಿ?" ಇಂಥ ಪ್ರಶ್ನೆ ಕೇಳುವವರಿಗಾಗಿ ನಾಲ್ಕು ಮಾತು ಬರೆದಿಡಬೇಕು ಅನ್ನಿಸಿತು. ಕಾಲಿಗೆ ಬಿಸಿನೀರು, ಒಂದು ಹಿಡಿ ಉಪ್ಪು. ಉಳಿದದ್ದು ಕೆಳಗಿದೆ.

ಯಾವಾಗ ಬೇರರ್ ಆದೆ, ಯಾವಾಗ ಬೇರರುಗಳ ಮೇಲಿನ ಕ್ಯಾಪ್ಟನ್ ಆದೆ, ಯಾರು ನನಗೆ ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ. ಅದನ್ನು ಓದಿ ಯಾರಿಗೂ ಒಂದು ತಾಟು ಸರಿಯಾಗಿ ಇಡಲು ಬರುವುದಿಲ್ಲ.

ನನ್ನ ಮೊದಲ ಕೆಲಸ ಕೊಪ್ಪಳದ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ. ಅದರ ಒಡತಿ ನೀಲವ್ವ ಒಳಗೆ ರೊಟ್ಟಿ ಬಡಿಯುತ್ತಲೇ ಹೊರಗಿನ ಪ್ರತಿಯೊಂದು ತಾಟಿನಲ್ಲಿ ಏನಿದೆ ಏನಿಲ್ಲ ಎಂದು ತಿಳಿದುಕೊಳ್ಳುತ್ತಿದ್ದರು. ಮೆನು ಎಂಬುದು ಅಲ್ಲಿ ಇರಲಿಲ್ಲ. ಅವತ್ತು ಎಣ್ಣೆಗಾಯಿ ಮಾಡಿದ್ದರೆ ಎಣ್ಣೆಗಾಯಿ, ಪುಂಡಿಪಲ್ಯ ಮಾಡಿದ್ದರೆ ಪುಂಡಿಪಲ್ಯ. ಬಡಿಸುವವನ ಕೆಲಸ ಒತ್ತಾಯ ಮಾಡುವುದು. ನಮ್ಮ ಕಡೆ ಉಣ್ಣುವವನು ಸಾಕು ಅಂದ ಕೂಡಲೇ ಬಿಟ್ಟುಬಿಟ್ಟರೆ ಅದು ಅವಮಾನ. ಹೊಸದರಲ್ಲಿ ನನಗದು ತಿಳಿಯಲಿಲ್ಲ. ಕುಷ್ಟಗಿಯ ಒಬ್ಬ ಮಾಸ್ತರರು ಎರಡನೆಯ ರೊಟ್ಟಿಗೆ "ಸಾಕು ಬಿಡು" ಅಂದರು. ನಾನು ಬುಟ್ಟಿ ಎತ್ತಿಕೊಂಡು ಮುಂದಿನವರ ಕಡೆ ನಡೆದೆ. ಅವರು ಎದ್ದು ಕೈ ತೊಳೆದುಕೊಂಡು ಬಂದು, "ನೀಲವ್ವಾರ, ನಿಮ್ಮ ಹುಡುಗಗ ನಾವು ಭಾರ ಆಗೀವಿ ಕಾಣ್ತೈತಿ" ಎಂದು ಹೇಳಿ ಹೋದರು. ನೀಲವ್ವ ನನಗೆ ಬೈಯಲಿಲ್ಲ. "ಬಾಯಿ ಮಾತು ಕೇಳಬ್ಯಾಡೋ. ಕೈ ನೋಡು. ಅಂಗೈ ತಾಟಿಗೆ ಅಡ್ಡ ಬಂದ್ರ ಖರೇನ ಸಾಕಾಗೇತಿ. ಕೈ ಬಾಜೂಕ ಇದ್ರ ಇನ್ನೊಂದು ಹಾಕಿ ನಡಿ," ಅಂದರು. ಆಮೇಲೆ ನಾನು ಎಷ್ಟೋ ಜನರಿಗೆ ಅವರ ಬಾಯಿ ಬೇಡ ಅನ್ನುತ್ತಿದ್ದರೂ ಬಡಿಸಿ, ಅವರಿಂದ ಹೊಗಳಿಸಿಕೊಂಡೆ.

ಅಲ್ಲಿಂದ ಗಂಗಾವತಿಗೆ ಹೋದೆ, ಒಂದು ಲಾಡ್ಜಿನ ಹೋಟೆಲಿಗೆ. ಭತ್ತದ ವ್ಯಾಪಾರಿಗಳು, ರೈಸ್‌ಮಿಲ್ಲಿನವರು, ಶ್ರೀರಾಮನಗರ ಕಡೆಯ ಕ್ಯಾಂಪುಗಳಲ್ಲಿ ಬಂದು ನೆಲೆಸಿದ ತೆಲುಗಿನ ರೈತರು ಎಲ್ಲರೂ ಒಂದೇ ಹಾಲಿನಲ್ಲಿ ಉಣ್ಣುತ್ತಿದ್ದರು. ಮ್ಯಾನೇಜರ್ ಇಮಾಮಸಾಬರು ಬಿಳಿ ಅಂಗಿಯ ತೆಳ್ಳನೆಯ ಮನುಷ್ಯ. ನಾನು ಎಲ್ಲಿ ನೋಡುತ್ತ ನಿಲ್ಲಬೇಕು ಎಂಬುದನ್ನೂ ಅವರೇ ಕಲಿಸಿದರು. "ಗಿರಾಕಿ ಮಾರಿ ನೋಡಿ ನಿಂತ್ರ ಅವ್ರಿಗೆ ತುತ್ತು ಇಳಿಯಂಗಿಲ್ಲ. ಗ್ವಾಡಿ ನೋಡಿ ನಿಂತ್ರ ನಿನಗ ಏನೂ ಕಾಣಂಗಿಲ್ಲ. ನೀರಿನ ಗ್ಲಾಸ್ ನೋಡ್ಕೊಂತ ನಿಂದ್ರು, ಎರಡೂ ಆಗ್ತೈತಿ." ಕ್ಯಾಂಪಿನವರು ಮೊದಲ ತುತ್ತನ್ನೇ ಅನ್ನದಿಂದ ಶುರು ಮಾಡುತ್ತಾರೆ, ನಮ್ಮವರು ರೊಟ್ಟಿ ಮುಗಿಯುವವರೆಗೆ ಅನ್ನದ ಹೆಸರೆತ್ತುವುದಿಲ್ಲ. ಒಂದೇ ಟೇಬಲಿಗೆ ಇಬ್ಬರೂ ಕೂತರೆ ಯಾರಿಗೆ ಏನು ಮೊದಲು ಎಂದು ಕೇಳದೆ ತಿಳಿಯಬೇಕಿತ್ತು. ಇಮಾಮಸಾಬರು ಅದನ್ನು ತಮೀಜು, ಅಂದರೆ ಸಭ್ಯತೆ, ಅನ್ನುತ್ತಿದ್ದರು. ತಿಳಿಯದವನನ್ನು ಪಾತ್ರೆ ತೊಳೆಯಲು ಕಳಿಸುತ್ತಿದ್ದರು. ನಾನೂ ಒಂದು ಬೇಸಿಗೆ ಪೂರ್ತಿ ಪಾತ್ರೆ ತೊಳೆದಿದ್ದೇನೆ.

ನನ್ನ ಕೊನೆಯ ವರ್ಷಗಳು ಹೊಳೆಯ ಈಚೆ ದಂಡೆಯಲ್ಲಿ, ಬಂಡೆಗಳ ನಡುವೆ ಕಟ್ಟಿದ ಒಂದು ರೆಸಾರ್ಟಿನಲ್ಲಿ ಕಳೆದವು. ಬೆಳಿಗ್ಗೆ ಗಂಗಾವತಿಯಿಂದ ಹನುಮನಹಳ್ಳಿಯವರೆಗೆ ಬೆಟ್ಟದ ದೇವರಿಗೆ ಹೋಗುವ ಭಕ್ತರ ಜೊತೆ ಬಸ್ಸಿನಲ್ಲಿ ನಿಂತು ಹೋಗುತ್ತಿದ್ದೆ, ಅಲ್ಲಿಂದ ರೆಸಾರ್ಟಿನ ಗಾಡಿ. ಒಂದು ವರ್ಷ ಮಾಲೀಕರಿಗೆ ಏನು ಹೊಳೆಯಿತೋ, ಜಪಾನಿನ ಊಟದ ಒಂದು ಕೋಣೆ ಮಾಡಿಸಿದರು. ಉದ್ದಕ್ಕೆ ಒಂದೇ ಹಲಗೆ, ಈ ಕಡೆ ಎಂಟು ಕುರ್ಚಿ, ಆ ಕಡೆ ಅಡುಗೆ ಮಾಡುವವರು. ಜಪಾನಿನಿಂದಲೇ ಮೊರಿತಾ ಎಂಬ ಅಡುಗೆಯವರನ್ನು ಕರೆಸಿದರು. ಅಲ್ಲಿನ ಊಟದ ಪದ್ಧತಿಗೆ ಒಮಾಕಾಸೆ ಎಂದು ಹೆಸರು. ಏನು ಉಣಿಸಬೇಕೋ ನಿಮಗೇ ಬಿಟ್ಟಿದ್ದು ಎಂದು ಅಡುಗೆಯವರಿಗೆ ಹೇಳಿ ಕೂರುವುದು. ನಾನು ನಕ್ಕೆ. ಇದರಲ್ಲೇನು ಹೊಸದು, ನೀಲವ್ವನ ಖಾನಾವಳಿಯಲ್ಲೂ ಇದೇ ಅಲ್ಲವೇ ಅನ್ನಿಸಿತು.

ಅದೇ ಅಲ್ಲ ಎಂದು ಮೊದಲ ದಿನವೇ ಗೊತ್ತಾಯಿತು. ಹುಳಿ ಬೆರೆಸಿದ ಬೆಚ್ಚನೆಯ ಅನ್ನವನ್ನು ಮೊರಿತಾ ಅವರು ಅಂಗೈಯಲ್ಲೇ ಒತ್ತಿ ಸಣ್ಣ ಉಂಡೆ ಮಾಡಿ, ಮೇಲೆ ಒಂದು ತೆಳು ಹೋಳು ಮೀನು ಹೊದಿಸಿ ಎದುರಿಗಿಡುತ್ತಿದ್ದರು. ಅದು ಸುಶಿ. ಇಟ್ಟ ಕೂಡಲೇ ಬಾಯಿಗೆ ಹೋಗಬೇಕು. ಮಾತಾಡುತ್ತ ಕೂತರೆ ಅನ್ನ ಆರುತ್ತದೆ, ಮೀನು ಬೆವರುತ್ತದೆ, ಮೊರಿತಾ ಅವರ ಮುಖ ಬಾಡುತ್ತದೆ. ನಾನು ಹಳೆಯ ಚಟಕ್ಕೆ ಒಬ್ಬ ಅತಿಥಿಗೆ "ಇನ್ನೊಂದು ತಗೋರಿ" ಅಂದೆ. ಮೊರಿತಾ ಅವರು ಚಾಕು ಕೆಳಗಿಟ್ಟು ನನ್ನ ಕಡೆ ನೋಡಿದರು, ಅಷ್ಟೇ. ಮುಂದೆಂದೂ ನಾನು ಆ ಮಾತು ಆಡಲಿಲ್ಲ. ಅರ್ಧ ಆಯಸ್ಸು ಒತ್ತಾಯ ಮಾಡಿ ಬದುಕಿದವನಿಗೆ ಬಾಯಿ ಕಟ್ಟಿಕೊಂಡು ನಿಲ್ಲುವುದು ಎಷ್ಟು ಕಷ್ಟ ಎಂದು ಹೇಳಿದರೆ ನಿಮಗೆ ತಿಳಿಯಲಿಕ್ಕಿಲ್ಲ.

ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದವು. ಹಾಗಾಗಿ ನಮ್ಮ ನಡುವೆ ಜಗಳ ಉದ್ದ ಬೆಳೆಯುತ್ತಿರಲಿಲ್ಲ. ಬೆಳಿಗ್ಗೆ ಕೋಣೆಯಲ್ಲಿ ಊದುಬತ್ತಿ ಹಚ್ಚುವ ವಿಷಯಕ್ಕೆ ಒಮ್ಮೆ ಜಗಳವಾಯಿತು. ಊದುಬತ್ತಿಯ ವಾಸನೆ ಇರುವ ಕಡೆ ಮೀನಿನ ವಾಸನೆ ತಿಳಿಯುವುದು ಹೇಗೆ ಎಂದು ಅವರು. ದೇವರಿಗೆ ಬೆಳಗದೆ ಅಂಗಡಿ ತೆರೆಯುವುದು ಹೇಗೆ ಎಂದು ನಾನು. ಕೊನೆಗೆ ಊದುಬತ್ತಿ ಹೊರಗೆ, ದೀಪ ಒಳಗೆ ಎಂದು ತೀರ್ಮಾನವಾಯಿತು. ತಲೆಗೆ ಹಚ್ಚುವ ಎಣ್ಣೆಯನ್ನೂ ನಾನು ಬಿಡಬೇಕಾಯಿತು. ನನ್ನ ಹೆಂಡತಿ ಈಗಲೂ ಆ ವಿಷಯದಲ್ಲಿ ಮೊರಿತಾ ಅವರನ್ನು ಕ್ಷಮಿಸಿಲ್ಲ.

ಇನ್ನೊಮ್ಮೆ ಮಾಲೀಕರು, ಎದುರಿಗೇ ಹೊಳೆ ಇರುವಾಗ ದೂರದ ಸಮುದ್ರದ ಮೀನು ಯಾಕೆ, ಇಲ್ಲಿಯದನ್ನೇ ಹಸಿಯಾಗಿ ಕೊಡಿ ಅಂದರು. ಮೊರಿತಾ ಅವರು ಒಪ್ಪಲಿಲ್ಲ. ಹೊಳೆ ಮೀನನ್ನು ಹಸಿಯಾಗಿ ಕೊಟ್ಟರೆ ತಿಂದವರ ಹೊಟ್ಟೆಗೆ ಹುಳು ಸೇರುತ್ತದೆ, ಬೇಕಾದರೆ ಉಪ್ಪು ಸವರಿ ಕೆಂಡದಲ್ಲಿ ಸುಟ್ಟು ಕೊಡುತ್ತೇನೆ ಅಂದರು. ಮಾಲೀಕರ ಮಾತಿಗೆ ಎದುರಾಡಿದವರನ್ನು ಅಲ್ಲಿ ನಾನು ನೋಡಿದ್ದು ಅದೇ ಮೊದಲು. ಅಂದಿನಿಂದ ನನಗೆ ಅವರ ಮೇಲೆ ಗೌರವ ಹುಟ್ಟಿತು. ಯಲಬುರ್ಗಾದ ಒಬ್ಬ ಗುತ್ತಿಗೆದಾರರು ಶೇಂಗಾ ಹಿಂಡಿ, ಅದೇ ಚಟ್ನಿಪುಡಿ, ಇಲ್ಲದೆ ಅನ್ನ ಇಳಿಯುವುದಿಲ್ಲ ಎಂದು ಹಟ ಹಿಡಿದ ದಿನ ನನ್ನ ಡಬ್ಬಿಯಿಂದಲೇ ತಂದುಕೊಟ್ಟೆ. ಮೊರಿತಾ ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಬೆರಳಿಗೆ ಹಚ್ಚಿಕೊಂಡು ರುಚಿ ನೋಡಿದರು. ಮರುದಿನದಿಂದ ನಮ್ಮ ಮನೆಯಿಂದ ಅವರಿಗೂ ಒಂದು ಡಬ್ಬಿ ಹಿಂಡಿ ಹೋಗತೊಡಗಿತು.

ನಾನು ಹುಟ್ಟಿನಿಂದ ಮೀನು ಮುಟ್ಟದವನು. ಮೊರಿತಾ ಅವರ ಜೊತೆ ಕೆಲಸ ಮಾಡಿದಷ್ಟು ಕಾಲವೂ ತಿನ್ನಲಿಲ್ಲ. ಬಡಿಸುವುದು ಕೆಲಸ, ತಿನ್ನುವುದು ನನ್ನಿಷ್ಟ ಎಂದುಕೊಂಡಿದ್ದೆ. ಆದರೆ ದಿನವೂ ಅದರ ಪಕ್ಕದಲ್ಲೇ ನಿಂತು ವಾಸನೆಯ ಪರಿಚಯ ಚೆನ್ನಾಗಿಯೇ ಆಗಿತ್ತು. ಇದನ್ನು ಹೇಳಿದ್ದು ಮುಂದಿನ ಕಥೆಗಾಗಿ. ನಾನು ನಿಜವಾಗಿ ಹೆದರಿದ ದಿನ ಅದೊಂದೇ.

ಗಂಗಾವತಿಯ ರೈಸ್‌ಮಿಲ್ಲಿನ ವೀರನಗೌಡರ ಮಗ ವಿನಯನಿಗೆ ಕುಷ್ಟಗಿಯ ಪಲ್ಲವಿ ಎಂಬ ಹುಡುಗಿಯ ಜೊತೆ ಮಾತುಕತೆ ನಡೆದಿತ್ತು. ವಿನಯ ಮಿಲ್ಲಿನ ಯಂತ್ರ ನೋಡಲು ಜಪಾನಿಗೆ ಹೋಗಿ ಬಂದವನು, ಅಲ್ಲಿನ ಊಟದ ಹುಚ್ಚು ಹತ್ತಿತ್ತು. ಎರಡೂ ಮನೆಯವರನ್ನು ಒಂದು ಮಧ್ಯಾಹ್ನ ಇಲ್ಲಿಗೇ ಕರೆತರಬೇಕೆಂದು ಇಡೀ ಕೋಣೆ ಹಿಡಿದ. ಎರಡೂ ಕಡೆಯವರು ಸಸ್ಯಾಹಾರಿಗಳು. "ಪೂರಾ ತರಕಾರಿದ್ದ ಮಾಡಿಕೊಡ್ರಿ, ಆಗ್ತೈತಲ್ಲ?" ಎಂದು ಕೇಳಿದ. ಮೊರಿತಾ ಅವರು ಆಗುತ್ತದೆ ಅಂದರು. ಅವರ ದೇಶದ ಮಠಗಳಲ್ಲೂ ಅಂಥ ಅಡುಗೆ ಇದೆಯಂತೆ.

ಮರುದಿನ ಪಲ್ಲವಿಯ ಫೋನು ಬಂತು. ಅಜ್ಜಿ ಮಾತಾಡಬೇಕಂತೆ. ಅಜ್ಜಿಯ ಹೆಸರು ಶಂಕ್ರಮ್ಮ, ಪಲ್ಲವಿಯ ತಂದೆಯ ತಾಯಿ.

"ನೀ ಕುಕನೂರವನಂತಲ್ಲ ತಮ್ಮಾ?"

"ಹೌದ್ರಿ ಅವ್ವಾರ."

"ನನಗ ಎಂಬತ್ತು ದಾಟೇತಿ. ಕೊರಳಾಗ ಲಿಂಗ ಐತಿ. ಇವತ್ತಿನ ತನಕ ಈ ಬಾಯಾಗ ಅಂಥಾದ್ದು ಹೋಗಿಲ್ಲ. ಮಂದಿ ಮನ್ಯಾಗ ನೀರು ಕುಡಿಯೂದ್ಕೂ ವಿಚಾರ ಮಾಡಾಕಿ ನಾನು. ಹುಡುಗಿ ಹಟಾ ಹಿಡದಾಳ. ಬೀಗರು ಕರದಾಗ ಬರೂದಿಲ್ಲ ಅಂದ್ರ ಛಲೋ ಕಾಣೂದಿಲ್ಲ. ನಿನ್ನ ಮಾತಿನ ಮ್ಯಾಲೆ ಬರ್ತೀನಿ. ಬರಲ್ಯಾ?"

"ಬರ್ರಿ ಅವ್ವಾರ. ಅದು ನನ್ನ ಜವಾಬ್ದಾರಿ."

ಫೋನು ಇಟ್ಟೆ. ಮಾತು ಬಾಯಿಂದ ಹೊರಗೆ ಬಂದಾಗಿತ್ತು. ಎಂಬತ್ತು ವರ್ಷ ಕಾಪಾಡಿಕೊಂಡ ನೇಮವನ್ನು ಅಜ್ಜಿ ನನ್ನ ಕೈಗೆ ಕೊಟ್ಟು ಕೂತಿದ್ದರು.

ಮೊರಿತಾ ಅವರಿಗೆ ಇದನ್ನು ಕೈಸನ್ನೆ ಬಾಯಿಸನ್ನೆಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬೆವರಿದೆ. ಅವರಿಗೆ ಅರ್ಥವಾಯಿತು. ಆ ಊಟಕ್ಕೆ ಬೇರೆ ಚಾಕು, ಬೇರೆ ಹಲಗೆ ತೆಗೆದಿಟ್ಟರು. ಗಂಗಾವತಿಯ ಸಂತೆಗೆ ನನ್ನ ಜೊತೆ ಬಂದು ತಾವೇ ಬದನೆಕಾಯಿ ಆರಿಸಿದರು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅದುಮಿ ನೋಡುತ್ತಿದ್ದರೆ ಮಾರುವವಳು, "ಅದರಾಗ ಏನ್ ರೇಡಿಯೋ ಐತೇನ್ರಿ?" ಎಂದು ನನ್ನನ್ನು ಕೇಳಿದಳು. ಉಳಿದದ್ದು ಒಂದೇ ತೊಡಕು, ಸಾರಿನದು. ಹೋಳಿಗೆಯ ದಿನ ನಾವು ಬೇಳೆಯ ಕಟ್ಟು ತೆಗೆದು ಸಾರು ಮಾಡುತ್ತೇವಲ್ಲ, ಜಪಾನಿನವರ ಎಲ್ಲ ಅಡುಗೆಗೂ ಹಾಗೆ ಒಂದು ಕಟ್ಟು ಬೇಕು. ಅದನ್ನು ಅವರು ಒಣ ಮೀನಿನ ಹೆರೆದ ಚೂರುಗಳಿಂದ ತೆಗೆಯುತ್ತಾರೆ. ಈ ಊಟಕ್ಕೆ ಸಮುದ್ರದ ಸೊಪ್ಪು ಮತ್ತು ಅಣಬೆಯ ಕಟ್ಟು ಸಾಕು ಎಂದು ಮೊರಿತಾ ಅವರು ಬೇರೆ ಪಾತ್ರೆಯಲ್ಲಿ ಮಾಡಿದರು. ಸಂಜೆಯ ಅತಿಥಿಗಳಿಗೆ ಮೀನಿನ ಕಟ್ಟಿನ ಪಾತ್ರೆ ದೂರದ ಒಲೆಯ ಮೇಲಿತ್ತು. ಅದು ಅಲ್ಲಿರುವುದೇ ನನಗೆ ಸೇರಲಿಲ್ಲ, ಆದರೆ ಸಂಜೆಯವರೂ ಅತಿಥಿಗಳೇ.

ಅವರು ಬಂದರು. ಈ ಕಡೆ ನಾಲ್ವರು, ಆ ಕಡೆ ನಾಲ್ವರು. ಶಂಕ್ರಮ್ಮನವರು ಬಿಳಿ ಕೂದಲಿನ, ನೆಟ್ಟಗೆ ಕೂರುವ ಮುದುಕಿ. ಇಳಕಲ್ ಸೀರೆಯ ಸೆರಗು ತಲೆಯ ಮೇಲೆ. ಅವರನ್ನು ನಡುವೆ ಕೂರಿಸಿದೆವು. ವಿನಯ ಆತಿಥ್ಯ ಮಾಡುವವನಾದ್ದರಿಂದ ಕೊನೆಯ ಕುರ್ಚಿಯಲ್ಲಿ ಕೂತ.

ಮೊರಿತಾ ಅವರು ಬದನೆಕಾಯಿಯ ಮೊದಲ ಸುಶಿಯನ್ನು ಮಾಡಿ ಹಿರಿಯರೆಂದು ಶಂಕ್ರಮ್ಮನವರ ಎದುರಿಗಿಟ್ಟರು. ಅವರು ಕೈಮುಗಿದು ಸುಮ್ಮನೆ ಕೂತರು. ಎರಡನೆಯದು ವೀರನಗೌಡರಿಗೆ. ಅವರೂ ಸುಮ್ಮನೆ ಕೂತರು. ಮೊರಿತಾ ಅವರು ಕೈಯಿಂದ ತಿನ್ನಿ ಎಂದು ತೋರಿಸಿದರು. "ಆಗ್ಲಿ ಆಗ್ಲಿ, ಸಾವಕಾಶ," ಅಂದರು ಗೌಡರು. ಯಾರೂ ಮುಟ್ಟಲಿಲ್ಲ. ನಮ್ಮ ಕಡೆ ಪಂಕ್ತಿಯಲ್ಲಿ ಕೊನೆಯ ಎಲೆಗೆ ಬಡಿಸುವವರೆಗೆ ಯಾರಾದರೂ ತುತ್ತು ಎತ್ತುತ್ತಾರೆಯೇ? ಅದರಲ್ಲೂ ಬೀಗರ ಎದುರಿಗೆ? ಎಂಟನೆಯದು ವಿನಯನ ಎದುರಿಗೆ ಬರುವಷ್ಟರಲ್ಲಿ ಮೊದಲನೆಯದು ಆರಿ ತಣ್ಣಗಾಗಿತ್ತು. ಮೊರಿತಾ ಅವರ ಕಿವಿ ಕೆಂಪಗಾಯಿತು. ತಮ್ಮ ಅಡುಗೆ ಇವರಿಗೆ ಬೇಡವಾಗಿದೆ ಎಂದೇ ಅವರು ತಿಳಿದರು.

ನಾನು ಹತ್ತಿರ ಹೋಗಿ ಪಂಕ್ತಿಯ ಈ ಪದ್ಧತಿಯನ್ನು ಪಿಸುಮಾತಿನಲ್ಲಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಮುಂದಿನ ಸಲ ವಿನಯನಿಂದ ಶುರು ಮಾಡಿ ಅಜ್ಜಿಗೆ ಕೊನೆಗೆ ಕೊಟ್ಟರು. ಅವರ ಲೆಕ್ಕದಲ್ಲಿ ಹಿರಿಯರಿಗೆ ಎಲ್ಲಕ್ಕಿಂತ ತಾಜಾ ಸಿಗಬೇಕು. ನಮ್ಮವರ ಲೆಕ್ಕ ಬೇರೆ. ಗೌಡರು ಹುಬ್ಬು ಗಂಟಿಕ್ಕಿ, "ಇದೇನಪಾ, ಹಿರೇರಿಗೆ ಕಡೀಗೇನು?" ಅಂದರು. ಪಲ್ಲವಿಯ ತಂದೆಯ ಮುಖ ಗಂಭೀರವಾಯಿತು. ನಾನು ನಡುವೆ ನಿಂತು ಆ ಕಡೆ ಒಂದು, ಈ ಕಡೆ ಒಂದು ಸಮಾಧಾನ ಹೇಳುತ್ತ ಹಲ್ಲು ಕಿರಿಯುತ್ತಿದ್ದೆ. ಆಮೇಲೆ ಮೊರಿತಾ ಅವರು ಹಿರಿಯರಿಂದಲೇ ಶುರು ಮಾಡಿ, ಎಂಟನ್ನೂ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಕಟ್ಟತೊಡಗಿದರು. ಅವರ ವಯಸ್ಸಿಗೆ ಆ ವೇಗ ಕಷ್ಟವೇ. ಅಂತೂ ಊಟ ಹಳಿಗೆ ಬಂತು, ಆದರೆ ಹೊತ್ತು ಏರಿತ್ತು.

ಸಾರಿನ ಸರದಿ ಬಂತು. ಪರದೆಯ ಹಿಂದೆ ಎರಡನೆಯ ಅಡುಗೆಯವ ಪ್ರಕಾಶ ಬಟ್ಟಲುಗಳಿಗೆ ತುಂಬಿಸಿದ. ಬಡಿಸುವ ಮಂಜುಳಾ ಏಳು ಬಟ್ಟಲು ಟ್ರೇಯಲ್ಲಿ ಇಟ್ಟುಕೊಂಡು ಹೋದಳು. ಎಂಟನೆಯದಕ್ಕೆ ಜಾಗವಿರಲಿಲ್ಲ. ವಿನಯನದು, ನಾನೇ ಎತ್ತಿಕೊಂಡೆ. ಪರದೆ ದಾಟಿ ಎರಡು ಹೆಜ್ಜೆ ಇಟ್ಟಿರಬೇಕು, ಬಟ್ಟಲಿನ ಹಬೆ ಮೂಗಿಗೆ ಬಂತು.

ನಾನು ಹಿಂದಕ್ಕೆ ತಿರುಗಿದೆ. "ಪ್ರಕಾಶ, ಯಾವ ಪಾತ್ರಿದ್ದು ಇದು?"

"ಸೊಪ್ಪಿನ ಕಟ್ಟಿಂದಣ್ಣಾ. ಕಾದೂ ಕಾದೂ ಕಮ್ಮಿ ಬಿತ್ತು. ಅದಕ್ಕ ಆ ದೂರದ ಪಾತ್ರಿದ್ದು ಒಂದು ಸೌಟು ಇದರಾಗ ಕೂಡಿಸಿ ಎಂಟೂ ಬಟ್ಟಲಾ ತುಂಬೀನಿ. ಯಾಕ?"

ಅವನ ಕಣ್ಣಿಗೆ ಅದು ಬರೀ ನೀರು. ಬಣ್ಣವಿಲ್ಲ, ಚೂರಿಲ್ಲ, ತಿಳಿಯಾಗಿ ಸೋಸಿದ್ದು. ಅವನಿಗೆ ಏನು ಹೇಳಿದೆನೋ ನೆನಪಿಲ್ಲ. ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ ಮತ್ತೆ ಹೊರಗೆ ಬಂದೆ.

ಏಳು ಬಟ್ಟಲು ಏಳು ಜನರ ಎದುರಿಗಿದ್ದವು. ಯಾರೂ ಮುಟ್ಟಿರಲಿಲ್ಲ. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಇದೊಂದು ಕೆಳಗಿಟ್ಟರೆ ಏಳೂ ಮೇಲೇಳುತ್ತವೆ. ಶಂಕ್ರಮ್ಮನವರು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಅವರ ಬಟ್ಟಲಿನಿಂದ ಹಬೆ ಸಣ್ಣಗೆ ಏಳುತ್ತಿತ್ತು.

ಇಟ್ಟುಬಿಡು ಎಂದು ಮನಸ್ಸು ಹೇಳಲಿಲ್ಲ ಅಂದರೆ ಸುಳ್ಳಾದೀತು. ಒಂದು ಸೌಟು ತಾನೇ, ಯಾರಿಗೆ ತಿಳಿಯುತ್ತದೆ, ಹೇಳಿದರೆ ಸಂಬಂಧ ಮುರಿಯುತ್ತದೆ, ಆ ಹುಡುಗ ಹುಡುಗಿಯ ಗತಿಯೇನು ಎಂದೆಲ್ಲ ಒಂದೇ ಉಸಿರಿನಲ್ಲಿ ಬಂದು ಹೋಯಿತು. ಬಟ್ಟಲು ವಾಲಿ ಸಾರು ನನ್ನ ಬೆರಳಿಗೆ ತುಳುಕಿತು, ಸುಟ್ಟಿತು.

"ಯಾಕ್ರಿ, ನಿಂತುಬಿಟ್ರಿ?" ಅಂದ ವಿನಯ ನಗುತ್ತ. "ಕೊಡ್ರಿ, ಎಲ್ಲಾರೂ ಕಾಯಾಕತ್ತಾರ."

"ಕೊಡಂಗಿಲ್ರಿ," ಅಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಯಾರೂ ಬಟ್ಟಲಾ ಮುಟ್ಟಬ್ಯಾಡ್ರಿ. ಅವ್ವಾರ, ಅದರಾಗ ಮೀನಿನ ಕಟ್ಟು ಕೂಡೇತ್ರಿ. ನಮ್ಮ ಕೈಯಿಂದ ತಪ್ಪಾಗೇತಿ. ಮೊದಲ ತಿಂದಿದ್ರಾಗ ಏನೂ ಇಲ್ರಿ, ಇದರಾಗ ಅಷ್ಟ."

ಪಲ್ಲವಿಯ ತಂದೆ ಕುರ್ಚಿ ಸರಿಸಿ ಎದ್ದು ನಿಂತರು. ಗೌಡರೂ ಎದ್ದರು, ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದೆ ಮಗನ ಕಡೆ ನೋಡಿದರು. ವಿನಯನ ಮುಖದಲ್ಲಿ ರಕ್ತವೇ ಇರಲಿಲ್ಲ. ಹುಡುಗಿ ಸೆರಗಿನ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮೊರಿತಾ ಅವರಿಗೆ ಕನ್ನಡ ಬಾರದಿದ್ದರೂ ಏನಾಗಿದೆ ಎಂದು ತಿಳಿಯಿತು. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಒಂದು ಗುಟುಕು ನೋಡಿ ಕಣ್ಣು ಮುಚ್ಚಿದರು. ಆಮೇಲೆ ಹಲಗೆಯ ಈಚೆ ಬಂದು, ಶಂಕ್ರಮ್ಮನವರಿಂದ ಶುರು ಮಾಡಿ ಒಂದೊಂದೇ ಬಟ್ಟಲು ತಾವೇ ಎತ್ತಿದರು. ಎಲ್ಲ ಮುಗಿದ ಮೇಲೆ ಅಜ್ಜಿಯ ಎದುರು ಸೊಂಟ ಬಗ್ಗಿಸಿ ನಿಂತವರು ಏಳಲೇ ಇಲ್ಲ.

ಅಜ್ಜಿ ನನ್ನನ್ನು ಕೇಳಿದರು. "ನಾ ಕುಡದಿಲ್ಲಲ್ಲ?"

"ಇಲ್ರಿ ಅವ್ವಾರ."

"ಮತ್ತ ಎಲ್ಲಾರೂ ಯಾಕ ಎದ್ದ ನಿಂತೀರಿ? ಕುಂದರ್ರಿ." ಮಗನ ಕಡೆ ತಿರುಗಿ, "ನೀನೂ ಕುಂದರು. ಆ ಮನಷ್ಯಾಗ ಸೊಂಟ ಎತ್ತಂತ ಹೇಳ್ರಿ ಯಾರರ, ಪಾಪ, ವಯಸ್ಸಾಗೇತಿ," ಅಂದರು.

ಬೀಗರಿಬ್ಬರೂ ಒಟ್ಟಿಗೇ ಕೂತರು.

ಮೊರಿತಾ ಅವರು ಸಣ್ಣ ಒಲೆಯನ್ನು ಹಲಗೆಯ ಮೇಲೇ ತರಿಸಿ, ಹೊಸ ಪಾತ್ರೆಯಲ್ಲಿ ಎಲ್ಲರ ಕಣ್ಣೆದುರು ಕಟ್ಟು ಹಾಕಿದರು. ಸಮುದ್ರದ ಸೊಪ್ಪನ್ನು ನೋಡಿ ಅಜ್ಜಿ, "ಇದನ್ನ ತೊಳದಾನೇನು?" ಎಂದು ಕೇಳಿದರು. ನಾನು ಹೇಳಿದೆ. ಅವರು ಅಜ್ಜಿಯ ಎದುರೇ ಮತ್ತೊಮ್ಮೆ ಒರೆಸಿ ತೋರಿಸಿದರು. ಪ್ರತಿ ಸಲ ಚಾಕು ಒರೆಸುವುದು, ಕೈ ತೊಳೆಯುವುದು ನೋಡುತ್ತ ಅಜ್ಜಿ ಮೊಮ್ಮಗಳ ಕಿವಿಯಲ್ಲಿ, "ಮಡಿ ಮನಷ್ಯಾ ಅದಾನ, ಬಿಡು," ಅಂದದ್ದು ನನಗೂ ಕೇಳಿಸಿತು. ಈ ಸಲ ಎಂಟು ಬಟ್ಟಲನ್ನೂ ನಾನೇ ಇಟ್ಟೆ. ಅಜ್ಜಿ ಒಂದು ಗುಟುಕು ಕುಡಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದರು.

"ಉಪ್ಪು ಕಮ್ಮಿ ಆಗೇತಿ," ಅಂದರು.

ಮೊದಲು ನಕ್ಕದ್ದು ಗೌಡರು. ಆಮೇಲೆ ಎಲ್ಲರೂ ನಕ್ಕರು, ಪಲ್ಲವಿ ನಗುತ್ತ ಅತ್ತುಬಿಟ್ಟಳು. ಏನಂದರು ಎಂದು ಮೊರಿತಾ ಅವರು ಕೇಳಿದರು, ನಾನು ತಿಳಿಸಿದೆ. ಅತಿಥಿಗಳಿಗೆ ಉಪ್ಪಿನ ಬಟ್ಟಲು ಕೊಡುವುದನ್ನು ಅವರು ಎಂದೂ ಒಪ್ಪಿದವರಲ್ಲ. ಅವತ್ತು ತಾವೇ ಎತ್ತಿ ಅಜ್ಜಿಯ ಮುಂದಿಟ್ಟರು.

ಆ ದಿನದ ನಂತರ ನಮ್ಮಲ್ಲಿ ಕೆಲಸದ ರೀತಿ ಬದಲಾಯಿತು. ಸಸ್ಯಾಹಾರಿಗಳು ಬರುವ ದಿನ ಇನ್ನೊಂದು ಕಟ್ಟು ಒಲೆಯ ಮೇಲೆ ಇರುವುದೇ ಇಲ್ಲ. ಸಂಜೆಯವರಿದ್ದರೆ ಸಂಜೆಗೆ ಮಾಡುವುದು. ಫೋನಿನಲ್ಲಿ ಬರೀ ಮೀನು ಬೇಡವೇ ಎಂದು ಕೇಳಿ ಬಿಡುವುದಿಲ್ಲ, ಅದರ ನೀರೂ ಬೇಡವೇ ಎಂದು ಕೇಳುತ್ತಾರೆ. ಪ್ರಕಾಶನನ್ನು ತೆಗೆಯಬೇಕೆಂದು ಮಾಲೀಕರು ಅಂದರು. ಮೊರಿತಾ ಅವರು, ಕೆಲಸಗಾರ ಹೋದರೆ ತಪ್ಪು ಮಾತ್ರ ಇಲ್ಲಿ ಉಳಿಯುತ್ತದೆ ಅಂದರು. ಅವನು ಈಗಲೂ ಅಲ್ಲೇ ಇದ್ದಾನೆ, ಒಳ್ಳೆಯ ಅಡುಗೆಯವನಾಗಿದ್ದಾನೆ. ಹೋಟೆಲಿಗೆ ಹೊಸದಾಗಿ ಸೇರುವವರು ಇಷ್ಟು ತಿಳಿದುಕೊಂಡರೆ ಸಾಕು ಎಂದು ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಆ ಮಧ್ಯಾಹ್ನ ಅಲ್ಲಿಗೇ ಮುಗಿಯಲಿಲ್ಲ.

ಹೊರಡುವಾಗ ಎಲ್ಲರೂ ಕಾರುಗಳ ಕಡೆ ನಡೆದರು. ಲಗ್ನದ ತಿಂಗಳು ಯಾವುದಿರಲಿ ಎಂದು ಗೌಡರೂ ಪಲ್ಲವಿಯ ತಂದೆಯೂ ಆಗಲೇ ಮಾತಿಗೆ ಕೂಡಿದ್ದರು. ಶಂಕ್ರಮ್ಮನವರು ಮೊಮ್ಮಗಳನ್ನು ಮುಂದೆ ಕಳಿಸಿ, ನನ್ನ ಮಣಿಕಟ್ಟು ಹಿಡಿದುಕೊಂಡು ಮೆಟ್ಟಿಲ ಹತ್ತಿರ ನಿಂತರು.

"ವಾಸನಿ ನನಗ ಮೊದಲ ಬಂದಿತ್ತು ತಮ್ಮಾ. ಆ ಹುಡುಗಿ ಬಟ್ಟಲಾ ತಂದಿಟ್ಟ ಕೂಡ್ಲೆ ಗೊತ್ತಾತು."

"ಮತ್ತ ಯಾಕ ಸುಮ್ನ ಕುಂತಿದ್ರಿ ಅವ್ವಾರ?" ಎಂದು ಕೇಳಿದೆ.

"ಬಾಯಿ ಬಿಟ್ಟಿದ್ರ ಬೀಗರ ಮಾರಿ ಎಲ್ಲಿ ಉಳೀತಿತ್ತು? ಹುಡುಗ ಆಸೆಪಟ್ಟು ಕರಕೊಂಡ ಬಂದಾನ. ನಮ್ಮ ಹುಡುಗಿ ಅವನ ಮ್ಯಾಲೆ ಜೀವಾ ಇಟ್ಟಾಳ, ನನಗೇನು ಕಾಣೂದಿಲ್ಲೇನು?" ಅವರು ಕಾರಿನ ಕಡೆ ನೋಡಿದರು. ಪಲ್ಲವಿ ಬಾಗಿಲು ತೆರೆದುಕೊಂಡು ಕಾಯುತ್ತಿದ್ದಳು. "ನೀ ಆ ಬಟ್ಟಲಾ ಕೆಳಗ ಇಟ್ಟಿದ್ರ ನಾ ಕುಡೀತಿದ್ದೆ. ಕುಡದು ಮನಿಗೆ ಹೋಗಿ ಸಾಯೂತನಕ ಯಾರ ಮುಂದೂ ಹೇಳ್ತಿರಲಿಲ್ಲ."

ಮಣಿಕಟ್ಟು ಬಿಟ್ಟು, "ಬರ್ತೀನಿ," ಎಂದು ಮೆಟ್ಟಿಲಿಳಿದರು.

ಕಾರುಗಳು ತಿರುವು ದಾಟುವವರೆಗೆ ಕೈಮುಗಿದುಕೊಂಡೇ ನಿಂತಿದ್ದೆ. ಆಮೇಲೆ ಹಿಂದಿನ ಬಂಡೆಗಳ ಕಡೆ ಹೋಗಿ, ಯಾರೂ ಇಲ್ಲದ್ದನ್ನು ನೋಡಿ, ಕೂತು ಗಟ್ಟಿಯಾಗಿ ಅತ್ತೆ. ದುಃಖಕ್ಕಲ್ಲ. ಇಡಲಿಲ್ಲವಲ್ಲ, ನಾನು ಅದನ್ನು ಕೆಳಗೆ ಇಡಲಿಲ್ಲವಲ್ಲ ಎಂದು.